ಮಂಡಿ ನೋವಿಗೆ ಫಿಸಿಯೋಥೆರಪಿ ಜತೆ ಅಕ್ಯುಪಂಕ್ಚರ್ ಮಾಡಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 61 ವರ್ಷ. ಮನೆಯಲ್ಲಿ ಎರಡು ಸೀಮೆ ಹಸು ಇವೆ, ಜತೆಗೆ ರೇಷ್ಮೆ ಹುಳು ಮೇಯಿಸುತ್ತೇವೆ. ಅಮ್ಮನಿಗೆ ಎರಡು ವರ್ಷದಿಂದ ಮಂಡಿ ನೋವು, ಬಲಗಡೆ ಜಾಸ್ತಿ. ಎಕ್ಸ್‌ರೇ ನೋಡಿ ಮೂಳೆ ಸವೆತ ಅಂದರು. ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಹದಿನೈದು ದಿನ ಫಿಸಿಯೋಥೆರಪಿ ಮಾಡಿಸಿದೆವು. ಕರೆಂಟ್ ಇಟ್ಟರು, ಬಿಸಿ ಕೊಟ್ಟರು, ಒಂದು ಹಾಳೆಯಲ್ಲಿ ವ್ಯಾಯಾಮ ಬರೆದುಕೊಟ್ಟರು. ಅಲ್ಲಿದ್ದಾಗ ಹಗುರ, ಊರಿಗೆ ಬಂದರೆ ಮತ್ತೆ ಅದೇ ನೋವು. ವ್ಯಾಯಾಮ ಮಾಡಿದರೆ ನೋಯುತ್ತೆ ಅಂತ ಬಿಟ್ಟುಬಿಟ್ಟರು. ನಮ್ಮ ಚಿಕ್ಕಮ್ಮ ಸೂಜಿ ಚಿಕಿತ್ಸೆ ಮಾಡಿಸಿಕೊಂಡು ಆರಾಮಾಗಿದ್ದಾರೆ. ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. 'ಮಾತ್ರೆ, ವ್ಯಾಯಾಮ ಎಲ್ಲ ನಿಲ್ಲಿಸಿ. ಸವೆದದ್ದು ಮತ್ತೆ ಬೆಳೆಯುತ್ತೆ, ಆಪರೇಷನ್ ಬೇಕಾಗಲ್ಲ' ಅಂದರು. ಎರಡೂ ಒಟ್ಟಿಗೆ ಮಾಡಿಸಬಾರದಾ? ಶುಗರ್ ಇರುವವರಿಗೆ ಸೂಜಿ ಅಪಾಯವಾ?

ಉತ್ತರ: ಎರಡೂ ಒಟ್ಟಿಗೆ ಮಾಡಿಸಬಹುದು. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ ಮಾತ್ರೆ, ವ್ಯಾಯಾಮ ನಿಲ್ಲಿಸಿ ಅಂದವರ ಹತ್ತಿರ ಮಾತ್ರ ಬೇಡ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಶುಗರ್ ಮಾತ್ರೆ ನಿಲ್ಲಿಸುವುದು ಮಂಡಿ ನೋವಿಗಿಂತ ದೊಡ್ಡ ಅಪಾಯ. ನಿಮ್ಮ ಅಮ್ಮ ಈಗಾಗಲೇ ಮಾತ್ರೆ ಬಿಟ್ಟಿದ್ದರೆ ನಾಳೆಯೇ ನಿಮ್ಮ ಡಾಕ್ಟರಿಗೆ ತೋರಿಸಿ, ಶುಗರ್ ಪರೀಕ್ಷೆ ಮಾಡಿಸಿ.

ನಾನು ಫಿಸಿಯೋಥೆರಪಿಸ್ಟ್. ಸೂಜಿ ಹಾಕುವುದನ್ನೂ ಕಲಿತಿದ್ದೇನೆ, ಬೇಕಾದವರಿಗೆ ಹಾಕುತ್ತೇನೆ. ಹಾಗಾಗಿ ಎರಡೂ ಕಡೆಯ ಮಾತು ನನಗೆ ಗೊತ್ತು. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ 'ಸೂಜಿಯಾ, ಫಿಸಿಯೋನಾ' ಅನ್ನುವುದಲ್ಲ. 'ಅಮ್ಮನ ತೊಡೆಗೆ ಬಲ ಬರುತ್ತಿದೆಯಾ ಇಲ್ಲವಾ' ಅನ್ನುವುದು. ಯಾವ ಚಿಕಿತ್ಸೆ ತಗೊಂಡರೂ ಕೊನೆಗೆ ಮಂಡಿಯನ್ನು ಕಾಯುವುದು ತೊಡೆಯ ಸ್ನಾಯುವೇ.

ಮಂಡಿಯೊಳಗೆ ಮೂಳೆಯ ತುದಿಗೆ ಒಂದು ನುಣುಪಾದ ಪದರ ಇರುತ್ತದೆ. ವಯಸ್ಸು, ಭಾರ, ದುಡಿಮೆಯಿಂದ ಅದು ತೆಳ್ಳಗಾಗುತ್ತದೆ. ವಿಚಿತ್ರ ಅಂದರೆ ಆ ಪದರಕ್ಕೆ ನರವೇ ಇಲ್ಲ. ಅದು ಸವೆದದ್ದು ನೇರವಾಗಿ ನೋಯುವುದಿಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲನ್ನು ಸುತ್ತಿರುವ ಪೊರೆಯಿಂದ, ಅಕ್ಕಪಕ್ಕದ ಸ್ನಾಯುಗಳಿಂದ. ಅದಕ್ಕೇ ಎಕ್ಸ್‌ರೇಯಲ್ಲಿ ತುಂಬ ಸವೆದಂತೆ ಕಂಡರೂ ಕೆಲವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಇನ್ನು ಕೆಲವರಿಗೆ ಸ್ವಲ್ಪ ಸವೆತಕ್ಕೇ ರಾತ್ರಿ ನಿದ್ದೆ ಇರುವುದಿಲ್ಲ. ನೋವಿಗೆ ಹೆದರಿ ಕಾಲು ಆಡಿಸುವುದು ಕಡಿಮೆ ಮಾಡಿದರೆ ತೊಡೆಯ ಸ್ನಾಯು ಕರಗುತ್ತದೆ. ಅದು ಕರಗಿದಷ್ಟೂ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನೂ ಜಾಸ್ತಿಯಾಗುತ್ತದೆ. ನಿಮ್ಮ ಅಮ್ಮ ಈಗ ಇದೇ ಸುತ್ತಿನಲ್ಲಿ ಸಿಕ್ಕಿಕೊಂಡಿದ್ದಾರೆ ಅನ್ನಿಸುತ್ತದೆ.

ನೀವು ಮಾಡಿಸಿದ ಫಿಸಿಯೋಥೆರಪಿ ಬಗ್ಗೆಯೂ ಹೇಳಲೇಬೇಕು. ಕರೆಂಟ್ ಇಟ್ಟರು, ಬಿಸಿ ಕೊಟ್ಟರು ಅಂದಿರಿ. ಹದಿನೈದು ದಿನ ಅದೇ ನಡೆದಿದ್ದರೆ ಅಮ್ಮನಿಗೆ ಫಿಸಿಯೋಥೆರಪಿಯ ಮುಖ್ಯ ಭಾಗ ಸಿಕ್ಕೇ ಇಲ್ಲ. ಮಂಡಿ ಸವೆತಕ್ಕೆ ವ್ಯಾಯಾಮ ಕೊಡಿ, ಈ ಕರೆಂಟ್ ಮತ್ತು ಅಲ್ಟ್ರಾಸೌಂಡ್ ಯಂತ್ರಗಳನ್ನು ಕೊಡಬೇಡಿ ಅಂತ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ಹೇಳಿದೆ. ಯಂತ್ರ ಇಟ್ಟಾಗ ಹಾಯೆನಿಸುವುದು ನಿಜ. ಆದರೆ ಅದು ತೊಡೆಗೆ ಬಲ ಕೊಡುವುದಿಲ್ಲ. ವ್ಯಾಯಾಮವನ್ನು ಹಾಳೆಯಲ್ಲಿ ಬರೆದುಕೊಟ್ಟು ಕಳಿಸಿದರೂ ಸಾಲದು. ಎದುರಿಗೆ ಕೂರಿಸಿ, ಮಾಡಿಸಿ, ಎಲ್ಲಿ ನೋಯುತ್ತೆ ಅಂತ ನೋಡಿ, ಅದಕ್ಕೆ ತಕ್ಕಂತೆ ಬದಲಾಯಿಸಿ ಕೊಡಬೇಕು. ವ್ಯಾಯಾಮ ಮಾಡಿದರೆ ನೋಯುತ್ತೆ ಅಂತ ನಿಮ್ಮ ಅಮ್ಮ ಬಿಟ್ಟದ್ದು ಅವರ ಸೋಮಾರಿತನವಲ್ಲ. ಅಷ್ಟು ನೋಯದ ಹಾಗೆ ಶುರು ಮಾಡುವುದು ಹೇಗೆ ಅಂತ ಅವರಿಗೆ ಯಾರೂ ತೋರಿಸಲಿಲ್ಲ, ಅಷ್ಟೇ.

ಈಗ ಸೂಜಿಯ ವಿಷಯಕ್ಕೆ ಬರೋಣ.

ಅಕ್ಯುಪಂಕ್ಚರ್ ಚೀನಾದ ಬಹಳ ಹಳೆಯ ವಿದ್ಯೆ. 1938ರಲ್ಲಿ ಚೀನಾಕ್ಕೆ ಹೋದ ಭಾರತದ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ್ ಕೋಟ್ನಿಸ್ ಅವರ ಜತೆ ಡಾ. ಬಿ.ಕೆ. ಬಸು ಕೂಡ ಇದ್ದರು. ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಬಸು ಅವರಿಂದ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಒಂದು ಚಿಕಿತ್ಸಾ ಪದ್ಧತಿಯಾಗಿ ಒಪ್ಪಿಕೊಂಡಿತು. ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳು ಹಾಕುವುದಕ್ಕೆ ಡ್ರೈ ನೀಡ್ಲಿಂಗ್ ಅನ್ನುತ್ತಾರೆ. ಸೂಜಿ ಅದೇ, ಲೆಕ್ಕಾಚಾರ ಬೇರೆ. ಅಕ್ಯುಪಂಕ್ಚರ್ ಮಾಡುವವರು ಹಳೆಯ ಶಾಸ್ತ್ರ ಹೇಳಿದ ಬಿಂದುಗಳನ್ನು ಹಿಡಿಯುತ್ತಾರೆ. ನಾವು ಸ್ನಾಯುವಿನಲ್ಲಿ ಬಿಗಿದುಕೊಂಡಿರುವ ಗಂಟನ್ನು ಬೆರಳಿನಿಂದ ಹುಡುಕಿ ಅಲ್ಲಿಗೆ ಹಾಕುತ್ತೇವೆ.

ಸೂಜಿ ಅಂದಾಕ್ಷಣ ಅಮ್ಮ ಹೆದರಬಹುದು. ಇಂಜೆಕ್ಷನ್ ಸೂಜಿಯೊಳಗೆ ಔಷಧಿ ಹರಿಯಲು ತೂತು ಇರುತ್ತದೆ, ಅದಕ್ಕೇ ಅದು ದಪ್ಪ. ಇದರಲ್ಲಿ ಔಷಧಿ ಇಲ್ಲ, ತೂತೂ ಇಲ್ಲ. ಸಾಮಾನ್ಯವಾಗಿ ಬಳಸುವುದು ಕಾಲು ಮಿಲಿಮೀಟರ್ ದಪ್ಪದ ಸೂಜಿ, ಹಿಡಿದರೆ ಬಾಗುತ್ತದೆ. ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಮಂಡಿ ಕೆಳಗೆ ಒಂದು ದಿಂಬು ಇಡುತ್ತಾರೆ. ಚರ್ಮ ಒರೆಸುತ್ತಾರೆ. ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿರುವ ಸೂಜಿಯನ್ನು ಚರ್ಮದ ಮೇಲೆ ನಿಲ್ಲಿಸಿ ಮೇಲಿನಿಂದ ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾರೆ. ಇರುವೆ ಕಚ್ಚಿದಷ್ಟು ಚುರುಕ್ ಅನ್ನುತ್ತದೆ, ಬಹಳ ಸಲ ಅದೂ ಇಲ್ಲ. ಆಮೇಲೆ ಕೊಳವೆ ತೆಗೆದು ಸೂಜಿಯನ್ನು ಇನ್ನಷ್ಟು ಒಳಗೆ ಇಳಿಸಿ ಸ್ವಲ್ಪ ತಿರುಗಿಸುತ್ತಾರೆ. ಆಗ ಒಂಥರಾ ಭಾರ, ಜೋಮು, ಒಳಗೊಳಗೇ ಹಿಡಿದೆಳೆದ ಹಾಗೆ ಅನ್ನಿಸುತ್ತದೆ. ಅದು ಬರಬೇಕಾದದ್ದೇ. ಮಂಡಿ ನೋವಿಗೆ ಚಿಪ್ಪಿನ ಕೆಳಗೆ ಎರಡೂ ಪಕ್ಕದ ಕುಳಿಗಳಲ್ಲಿ ಹಾಕುತ್ತಾರೆ. ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂಭಾಗದ ಉದ್ದ ಮೂಳೆಯ ಹೊರಗಡೆಗೆ ಒಂದು ಬೆರಳು ಬಿಟ್ಟು ಇನ್ನೊಂದು ಜಾಗ ಇದೆ, ಅಲ್ಲಿಗೂ ಹಾಕುತ್ತಾರೆ. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಹಾಗೇ ಬಿಡುತ್ತಾರೆ. ಸೂಜಿಯ ಸುತ್ತ ಚರ್ಮ ಸ್ವಲ್ಪ ಕೆಂಪಗಾಗುತ್ತದೆ. ತೆಗೆದಾಗ ಅಪರೂಪಕ್ಕೆ ಒಂದು ಹನಿ ರಕ್ತ ಬರಬಹುದು.

ಇದು ಹೇಗೆ ನೋವು ಕಡಿಮೆ ಮಾಡುತ್ತದೆ? ಸೂಜಿ ಚುಚ್ಚಿದ ಜಾಗದಲ್ಲಿ ಅಡೆನೊಸಿನ್‌ನಂಥ ನೋವು ತಗ್ಗಿಸುವ ರಾಸಾಯನಿಕ ಹೊರಬರುತ್ತದೆ, ರಕ್ತದ ಓಡಾಟ ಹೆಚ್ಚುತ್ತದೆ. ಬೆನ್ನುಹುರಿ ಮತ್ತು ಮೆದುಳಿನಲ್ಲಿ ದೇಹ ತಾನೇ ತಯಾರಿಸಿಕೊಳ್ಳುವ ನೋವುನಿವಾರಕಗಳು ಬಿಡುಗಡೆಯಾಗುತ್ತವೆ. ಜತೆಗೆ ಒಬ್ಬರು ಅರ್ಧ ಗಂಟೆ ಪಕ್ಕದಲ್ಲಿ ನಿಂತು ಮುಟ್ಟಿ ಮಾತಾಡಿಸಿ ನೋಡಿಕೊಳ್ಳುವುದರಿಂದ ಬರುವ ನೆಮ್ಮದಿಗೂ ಇದರಲ್ಲಿ ದೊಡ್ಡ ಪಾಲಿದೆ. ಸವೆದ ಪದರ ಮಾತ್ರ ಸೂಜಿಯಿಂದ ಮತ್ತೆ ಬೆಳೆಯುವುದಿಲ್ಲ. ಅದನ್ನು ಬೆಳೆಸುವ ಮಾತ್ರೆಯೂ ಇಲ್ಲ, ವ್ಯಾಯಾಮವೂ ಇಲ್ಲ. ಬೆಳೆಯುತ್ತೆ ಅಂತ ಯಾರೇ ಹೇಳಿದರೂ ನಂಬಬೇಡಿ.

ಅಧ್ಯಯನಗಳು ಏನು ಹೇಳುತ್ತವೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಚಿಕ್ಕಮ್ಮನಿಗೆ ವಾಸಿಯಾಯಿತು ಅನ್ನುವುದು ನಿಜವೇ ಇರಬಹುದು. ಆದರೆ ಮಂಡಿ ನೋವು ಏರುತ್ತಾ ಇಳಿಯುತ್ತಾ ಇರುವ ಕಾಯಿಲೆ. ಜಾಸ್ತಿ ನೋವಿದ್ದಾಗಲೇ ಜನ ಚಿಕಿತ್ಸೆಗೆ ಹೋಗುವುದು. ಅದು ತಾನಾಗಿ ಇಳಿಯುವ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿರುತ್ತದೋ ಅದಕ್ಕೇ ಹೆಸರು ಬರುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಒಂದು ಪರೀಕ್ಷೆ ಇಂಗ್ಲೆಂಡಿನಲ್ಲಿ ನಡೆದಿದೆ, ಅದರ ಫಲಿತಾಂಶ 2007ರಲ್ಲಿ ಬಂತು. ಮಂಡಿ ಸವೆತ ಇದ್ದ, 50 ದಾಟಿದ 352 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್‌ಗಳಿಂದ ಸಲಹೆ ಮತ್ತು ವ್ಯಾಯಾಮ ಮಾತ್ರ. ಇನ್ನೊಂದಕ್ಕೆ ಅದರ ಜತೆ ನಿಜವಾದ ಅಕ್ಯುಪಂಕ್ಚರ್. ಮೂರನೆಯದಕ್ಕೆ ಅದೇ ಸಲಹೆ, ವ್ಯಾಯಾಮದ ಜತೆ ಚರ್ಮದೊಳಗೆ ಇಳಿಯದ, ಚುಚ್ಚಿದ ಹಾಗೆ ಅನ್ನಿಸುವ ಸೂಜಿ. ಆರು ತಿಂಗಳಾದ ಮೇಲೆ ನೋಡಿದರೆ, ಬರೀ ವ್ಯಾಯಾಮ ಮಾಡಿದವರಿಗಿಂತ ಸೂಜಿಯನ್ನೂ ಹಾಕಿಸಿಕೊಂಡವರ ನೋವಿನ ಅಂಕ ಹೆಚ್ಚೇನೂ ಸುಧಾರಿಸಿರಲಿಲ್ಲ. ಅಂದರೆ, ವ್ಯಾಯಾಮವನ್ನು ಸರಿಯಾಗಿ ಮಾಡುತ್ತಿರುವವರಿಗೆ ಸೂಜಿ ದೊಡ್ಡದಾಗಿ ಏನನ್ನೂ ಸೇರಿಸಲಿಲ್ಲ.

ಅದೇ ವರ್ಷ ಜರ್ಮನಿಯಿಂದ ಸೊಂಟ ನೋವಿನ ಬಗ್ಗೆ ಇನ್ನೊಂದು ದೊಡ್ಡ ಪರೀಕ್ಷೆಯ ವರದಿ ಬಂತು. ಅದರಲ್ಲಿ 1,162 ಜನ ಇದ್ದರು. ಆರು ತಿಂಗಳ ನಂತರ ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಸುಮಾರು ಶೇ 48 ಜನರಿಗೆ ಗುಣ ಕಂಡಿತ್ತು. ಬಿಂದು ಬಿಟ್ಟು ಬೇರೆ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27. ಈ ಅಂಕಿಗಳನ್ನು ಸೂಜಿಯವರು ಒಂದು ಥರ ಓದುತ್ತಾರೆ, ಬೇಡ ಅನ್ನುವವರು ಇನ್ನೊಂದು ಥರ. ನಾನು ಓದುವುದು ಹೀಗೆ: ಸೂಜಿಯಿಂದ ಜನಕ್ಕೆ ಹಾಯೆನಿಸುವುದು ಸುಳ್ಳಲ್ಲ, ಆದರೆ ಇಂಥದ್ದೇ ಬಿಂದುವಿಗೆ ಚುಚ್ಚಬೇಕು ಅನ್ನುವುದಕ್ಕೆ ಅಷ್ಟೊಂದು ಬೆಲೆ ಇಲ್ಲ.

ಅದಕ್ಕೇ ಮಾರ್ಗಸೂಚಿಗಳೂ ಒಂದೇ ಮಾತು ಹೇಳುವುದಿಲ್ಲ. ಮಂಡಿ ಸವೆತಕ್ಕೆ ಅಕ್ಯುಪಂಕ್ಚರ್ ಬೇಡ ಅಂತ ಬ್ರಿಟನ್ನಿನ ಅದೇ 2022ರ ಮಾರ್ಗಸೂಚಿ ಹೇಳುತ್ತದೆ. ಬೇಕಾದವರು ನೋಡಬಹುದು ಅಂತ ಅಮೆರಿಕದ ಕೀಲು ತಜ್ಞರ ಸಂಘ 2019ರಲ್ಲಿ ಷರತ್ತು ಹಾಕಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಕೊಡಬಹುದಾದ ಚಿಕಿತ್ಸೆಗಳಲ್ಲಿ ವ್ಯಾಯಾಮದ ಜತೆ ಸೂಜಿಯನ್ನೂ ಸೇರಿಸಿದೆ. ಆದರೆ ಎಲ್ಲರೂ ಒಂದೇ ದನಿಯಲ್ಲಿ ಹೇಳುವ ಮಾತು ಒಂದಿದೆ, ಅದು ವ್ಯಾಯಾಮ. ಮಂಡಿಯ ವಿಷಯದಲ್ಲಿ ಅದನ್ನು ಬಿಡಿ ಅಂದ ಮಾರ್ಗಸೂಚಿ ನಾನು ನೋಡಿಲ್ಲ.

ಹಾಗಾದರೆ ನಾನು ಯಾಕೆ ಕೆಲವರಿಗೆ ಸೂಜಿ ಹಾಕುತ್ತೇನೆ? ನಿಮ್ಮ ಅಮ್ಮನಂಥವರು ಬರುತ್ತಾರಲ್ಲ, ಅವರಿಗೋಸ್ಕರ. ನೋವಿಗೆ ಹೆದರಿ ಕಾಲು ಎತ್ತಲೂ ಒಪ್ಪದವರು, ಶುಗರ್ ಮತ್ತು ಕಿಡ್ನಿ ತೊಂದರೆಯಿಂದ ನೋವಿನ ಮಾತ್ರೆ ಜಾಸ್ತಿ ತಗೊಳ್ಳಲಾಗದವರು. ಸೂಜಿ ಹಾಕಿದ ಮೇಲೆ ಅವರಲ್ಲಿ ಕೆಲವರಿಗೆ ಒಂದೆರಡು ದಿನ ನೋವು ತಗ್ಗುತ್ತದೆ. ಆ ಒಂದೆರಡು ದಿನ ನನಗೆ ಬೇಕು. ಆಗ ಅವರು ಕುರ್ಚಿಯಿಂದ ಎದ್ದು ಕೂರುವುದನ್ನು ಶುರು ಮಾಡುತ್ತಾರೆ. 'ಓ, ಮಾಡಬಹುದಲ್ಲ' ಅಂತ ಧೈರ್ಯ ಬರುತ್ತದೆ. ತೆರೆದ ಬಾವಿಯ ಮೋಟರಿಗೆ ಮೊದಲು ಒಂದು ಬಿಂದಿಗೆ ನೀರು ಹುಯ್ದು ಎಬ್ಬಿಸುತ್ತಿದ್ದರಲ್ಲ, ಸೂಜಿಯ ಕೆಲಸ ಅಷ್ಟೇ. ಆ ಬಿಂದಿಗೆ ನೀರಲ್ಲಿ ತೋಟ ನೆನೆಯುವುದಿಲ್ಲ. ಸೂಜಿ ಹಾಕಿಸಿಕೊಂಡು ಮನೆಗೆ ಹೋಗಿ ಸುಮ್ನೆ ಮಲಗಿದರೆ ಮೂರನೇ ದಿನ ನೋವು ವಾಪಸ್ ಬರುತ್ತದೆ, ನೀವು ಮತ್ತೆ ಬಸ್ ಹತ್ತುತ್ತೀರಿ. ವರ್ಷಗಟ್ಟಲೆ ಹೀಗೆ ಓಡಾಡಿ, ತೊಡೆ ಮಾತ್ರ ಕಡ್ಡಿಯಾದವರನ್ನು ನೋಡಿ ನನಗೆ ಬೇಜಾರಾಗಿದೆ.

ಶುಗರ್ ಇರುವವರಿಗೆ ಸೂಜಿ ಹಾಕಬಾರದು ಅಂತೇನಿಲ್ಲ. ಆದರೆ ನಾಲ್ಕು ಮಾತು ನೆನಪಿಡಿ. ಮೊದಲು ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ ಮಾಡಿಸಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಚುಚ್ಚಿದ ಜಾಗ ಕೀವಾಗುವ ಭಯ ಇರುತ್ತದೆ. ಎರಡನೆಯದು, ಅಮ್ಮನ ಪಾದ ನೋಡಿ. ಜೋಮು ಹಿಡಿಯುತ್ತದಾ, ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲವಾ, ಹಳೆಯ ಗಾಯ ಏನಾದರೂ ಇದೆಯಾ? ಹಾಗಿದ್ದರೆ ಪಾದ, ಮೀನಖಂಡದ ಹತ್ತಿರ ಸೂಜಿ ಬೇಡ. ಅದಕ್ಕಿಂತ ಹೆಚ್ಚಾಗಿ ಬಿಸಿ ಬೇಡ. ಸೂಜಿಯ ತುದಿಗೆ ಮೂಲಿಕೆ ಸಿಕ್ಕಿಸಿ, ಉರಿಸಿ ಶಾಖ ಕೊಡುವುದುಂಟು, ಫಿಸಿಯೋದವರ ಬಿಸಿ ಚೀಲವೂ ಇದೆ. ಸ್ಪರ್ಶ ಕಡಿಮೆ ಇರುವ ಕಾಲು ಸುಟ್ಟು ಬೊಬ್ಬೆ ಎದ್ದರೂ ಅಮ್ಮನಿಗೆ ಗೊತ್ತಾಗುವುದಿಲ್ಲ. ಸೂಜಿಗಿಂತ ಈ ಬಿಸಿಯೇ ನನಗೆ ಹೆಚ್ಚು ಹೆದರಿಕೆ. ಮೂರನೆಯದು, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಮಾತ್ರೆ ನುಂಗಿ, ತಿಂಡಿ ತಿನ್ನದೆ ಬಸ್ಸಲ್ಲಿ ಬಂದವರಿಗೆ ಸೂಜಿ ಹಾಕುವಾಗ ತಲೆ ಸುತ್ತುವುದು ಜಾಸ್ತಿ. ಮುದ್ದೆಯೋ ಇಡ್ಲಿಯೋ ತಿಂದು ಬರಲಿ, ಮಲಗಿಸಿಯೇ ಹಾಕಿಸಿ. ನಾಲ್ಕನೆಯದು, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತಗೊಳ್ಳುತ್ತಾರಾ ಅಂತ ಚೀಟಿ ತೋರಿಸಿ ಹೇಳಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಜೋಡಿಸುವುದು ಬೇಡವೇ ಬೇಡ.

ಕಲಿತವರ ಕೈಯಲ್ಲಿ ಇದು ಸುರಕ್ಷಿತ ಚಿಕಿತ್ಸೆ. ಬ್ರಿಟನ್ನಿನಲ್ಲಿ 34,000 ಸಲದ ಚಿಕಿತ್ಸೆಯ ಲೆಕ್ಕ ಇಟ್ಟು 2001ರಲ್ಲಿ ಪ್ರಕಟಿಸಿದರು. ಅದರಲ್ಲಿ ಗಂಭೀರ ಅನಾಹುತ ಒಂದೂ ಇರಲಿಲ್ಲ. ಕಲಿಯದವರ ಕೈಗೆ ಸಿಕ್ಕಿದರೆ ಬೇರೆ ಮಾತು. ಎದೆ, ಭುಜದ ಹತ್ತಿರ ಆಳಕ್ಕೆ ಚುಚ್ಚಿ ಶ್ವಾಸಕೋಶಕ್ಕೆ ತಾಗಿದ ಘಟನೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಆದ್ದರಿಂದ ಯಾರ ಹತ್ತಿರ ಹೋಗುತ್ತೀರಿ ಅನ್ನುವುದು ಮುಖ್ಯ. ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರ್‌ಗೆಂದೇ 2015ರ ಕಾಯ್ದೆ ಇದೆ. ನಮ್ಮಲ್ಲಿ ನೀವೇ ವಿಚಾರಿಸಿಕೊಳ್ಳಬೇಕು. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಇದನ್ನು ಕಲಿತ ಎಂಬಿಬಿಎಸ್ ಡಾಕ್ಟರುಗಳೂ, ಫಿಸಿಯೋಥೆರಪಿಸ್ಟ್‌ಗಳೂ ಇದ್ದಾರೆ. ಏನು ಓದಿದ್ದೀರಿ, ಎಲ್ಲಿ ಕಲಿತಿರಿ ಅಂತ ಸಂಕೋಚ ಇಲ್ಲದೆ ಕೇಳಿ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತೆ ಇರಬೇಕು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಬಳಸಿದ ಸೂಜಿಯನ್ನು ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. 'ಇದು ನಿಮ್ಮ ಸೂಜಿ, ತೊಳೆದು ಇಟ್ಟಿರುತ್ತೇವೆ, ಮುಂದಿನ ಸಲಕ್ಕೂ ಇದೇ' ಅಂದರೆ ಅಲ್ಲಿಂದ ಎದ್ದು ಬನ್ನಿ. ಅದೇ ಸೂಜಿ ಇನ್ನೊಬ್ಬರಿಗೆ ಹೋಗಿಲ್ಲ ಅಂತ ನಂಬುವುದು ಹೇಗೆ? ಹೆಪಟೈಟಿಸ್ ಬಿ ಹರಡುವುದು ಹೀಗೆಯೇ. ಮೂವತ್ತು ಸಲಕ್ಕೆ ಮುಂಗಡ ದುಡ್ಡು ಕಟ್ಟಿ ಅನ್ನುವವರೂ ಬೇಡ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು ಒಂದು ಅಳತೆ ಇಟ್ಟುಕೊಳ್ಳಿ. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ. ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಳ್ಳಲಿ. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು, ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸಿ. ಬೀಳದ ಹಾಗೆ ನೀವು ಪಕ್ಕದಲ್ಲೇ ನಿಂತಿರಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಅಂತ ಅರ್ಥ. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಪಕ್ಕದಲ್ಲಿ, ಹಾಲು ಕರೆದು ಎದ್ದಾಗ ನೋವು ಹತ್ತಕ್ಕೆ ಎಷ್ಟು ಅಂತಲೂ ಬರೆಯಿರಿ. ಚಿಕಿತ್ಸೆ ಕೆಲಸ ಮಾಡಿದೆಯಾ ಇಲ್ಲವಾ ಅನ್ನುವುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಆಮೇಲೆ ವ್ಯಾಯಾಮ. ಹಳೆಯ ಹಾಳೆ ಪಕ್ಕಕ್ಕಿಡಿ, ಸದ್ಯಕ್ಕೆ ಮೂರು ಸಾಕು. ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಿ ಕೆಳಗೆ ಟವೆಲ್ ಸುತ್ತಿ ಇಡಿ. ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಬೇಕು. ಹತ್ತು ಸಲ ಹೀಗೆ. ಒತ್ತುವಾಗ ತೊಡೆಯ ಮೇಲೆ ಕೈ ಇಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ, ಗಟ್ಟಿಯಾಗದಿದ್ದರೆ ಒತ್ತಿದ್ದು ಸಾಲದು. ಎರಡನೆಯದು ಕುರ್ಚಿಯಿಂದ ಏಳುವುದು. ನೋವಿದ್ದರೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ, ಎಂಟು ಸಲ ಸಾಕು. ವಾರ ಕಳೆದ ಮೇಲೆ ಒಂದು ದಿಂಬು ತೆಗೆಯಿರಿ, ಮುಂದಿನ ವಾರ ಇನ್ನೊಂದು. ಮೂರನೆಯದು ಕೊಟ್ಟಿಗೆಯ ಕಂಬ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಹತ್ತು ಸಲ. ಮಾಡುವಾಗ ಸ್ವಲ್ಪ ನೋವು ಬಂದೇ ಬರುತ್ತದೆ. ಹತ್ತಕ್ಕೆ ಐದರೊಳಗೆ ಇದ್ದು, ಮಾರನೇ ಬೆಳಿಗ್ಗೆ ಮಾಮೂಲಿಗೆ ಬಂದರೆ ಆ ನೋವಿನಿಂದ ಕೀಲು ಹಾಳಾಗುತ್ತಿಲ್ಲ ಅಂತಲೇ ತಿಳಿಯಿರಿ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ. ಹೆದರಿಕೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟು ಎರಡು ವಾರ ಮಾಡಿಯೂ ನೋವಿನಿಂದ ಮುಂದಕ್ಕೆ ಹೋಗಲು ಆಗದಿದ್ದರೆ ಸೂಜಿ ಸೇರಿಸಿ. ವಾರಕ್ಕೆ ಒಂದು ಅಥವಾ ಎರಡು ಸಲ, ಒಟ್ಟು ಆರು ಸಲ. ಸೂಜಿ ಹಾಕಿಸಿದ ದಿನ ಮನೆಗೆ ಬಂದು ಸ್ವಲ್ಪ ಸುಧಾರಿಸಿಕೊಂಡು ಅದೇ ಮೂರು ವ್ಯಾಯಾಮ ಹಗುರವಾಗಿ ಮಾಡಲಿ. ಸೊಪ್ಪಿನ ಹೊರೆ ಹೊರುವುದು ಮಾತ್ರ ಅವತ್ತು ಬೇಡ. ಮಾರನೇ ದಿನ ವ್ಯಾಯಾಮ ಸ್ವಲ್ಪ ಏರಿಸಿ. ಆರು ಸಲ ಆದ ಮೇಲೆ ಕ್ಯಾಲೆಂಡರ್ ನೋಡಿ. ನೋವಿನ ಅಂಕಿ ಎರಡಾದರೂ ಇಳಿದಿಲ್ಲ, ಕುರ್ಚಿಯ ಎಣಿಕೆ ಏರಿಲ್ಲ ಅಂದರೆ ಸೂಜಿ ನಿಲ್ಲಿಸಿ. ಇನ್ನೂ ಹತ್ತು ಸಲ ಹಾಕಿಸಿದರೆ ಗುಣ ಕಾಣುತ್ತೆ ಅಂದರೆ ಒಪ್ಪಬೇಡಿ. ಇಳಿದಿದ್ದರೆ ಇನ್ನೊಂದಷ್ಟು ದಿನ ಮಾಡಿಸಬಹುದು, ದಿನ ದೂರ ಮಾಡುತ್ತಾ ಬನ್ನಿ. ವ್ಯಾಯಾಮ ಮಾತ್ರ ಕಡಿಮೆ ಅಂದರೂ ಮೂರು ತಿಂಗಳು ನಡೆಯಬೇಕು, ಆಮೇಲೂ ವಾರಕ್ಕೆ ಮೂರು ದಿನ.

ಅಮ್ಮ ದಿನಾ ಎರಡು ಹೊತ್ತು ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಾರೆ ಅಲ್ವಾ? ಮಂಡಿ ಪೂರ್ತಿ ಮಡಿಸಿ ಬಕೆಟ್ ಹಿಡಿದು ಕೂರುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ಬಹಳ. ಎಷ್ಟೇ ಚಿಕಿತ್ಸೆ ಮಾಡಿಸಿದರೂ ದಿನಾ ಇದೇ ನಡೆದರೆ ಪ್ರಯೋಜನ ಕಡಿಮೆ. ಒಂದು ಅಡಿ ಎತ್ತರದ ಗಟ್ಟಿ ಸ್ಟೂಲ್ ಮಾಡಿಸಿ. ಏಳುವಾಗ ಹಿಡಿದುಕೊಳ್ಳಲು ಗೊಂತಿನ ಪಕ್ಕ ಒಂದು ಗೂಟ ನೆಡಿ. ಸಂಜೆಯ ಹಾಲು ನೀವು ಕರೆಯಿರಿ. ಬಚ್ಚಲಿಗೆ, ಕಕ್ಕಸಿಗೆ ನಾಲ್ಕು ಕಾಲಿನ ಪ್ಲಾಸ್ಟಿಕ್ ಕಮೋಡ್ ಕುರ್ಚಿ ತನ್ನಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಒಂದು ವಾರ ನಿಮ್ಮಂಥ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ ಅಂತ ನನಗೆ ಗೊತ್ತು. ಹುಳು ರಾತ್ರಿ ಹಗಲು ಮೇಯುತ್ತವೆ. ಆ ವಾರ ಟವೆಲ್ ಒತ್ತುವುದೊಂದನ್ನು ಬಿಡದಿದ್ದರೆ ಸಾಕು, ಉಳಿದದ್ದು ಆಮೇಲೆ. ಸೊಪ್ಪಿನ ಹೊರೆಯನ್ನು ಎರಡು ಮಾಡಿ ಹೊರಲಿ, ಇಲ್ಲವೇ ನೀವೇ ಗಾಡಿಯಲ್ಲಿ ತಂದುಕೊಡಿ. ಅಮ್ಮನ ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸುವುದೂ ಒಳ್ಳೆಯದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ ಅಂತ ಅಳೆದು ನೋಡಿದ್ದಾರೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳದೆ ಇರಲಾಗದು. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡ ಕಡೆಯ ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದರೆ ಮೂಳೆ, ಕೀಲು, ಬೆನ್ನು ಬಿರುಸಾಗುತ್ತವೆ. ಮಂಡಿ ನೋವು ಅಂತ ಬಂದವರಲ್ಲಿ ಇದನ್ನು ಹುಡುಕದೇ ಹೋದರೆ ಸೂಜಿಯೂ ವ್ಯಾಯಾಮವೂ ದಂಡ. ಮನೆಯಲ್ಲೇ ನೋಡಬಹುದು. ಅಮ್ಮ ಗದ್ದವನ್ನು ಎದೆಗೆ ಮುಟ್ಟಿಸಲಿ. ಎರಡೂ ಕೈ ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂದೆ ಮುಟ್ಟಲಿ. ಮಂಡಿ ಮಡಿಸದೆ ಬಗ್ಗಿ ಕಾಲ ಬೆರಳು ಮುಟ್ಟಲು ನೋಡಲಿ. ಮಂಡಿ ನೋವಿರುವವರಿಗೆ ಕೊನೆಯದು ಕಷ್ಟ ಆಗಬಹುದು. ಆದರೆ ಕುತ್ತಿಗೆ, ಭುಜ ಕೂಡ ಬಗ್ಗದಿದ್ದರೆ, ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಇದ್ದರೆ, ಮೂಳೆ ಡಾಕ್ಟರಿಗೆ ಫ್ಲೋರೋಸಿಸ್ ಇದೆಯಾ ಅಂತ ನೇರವಾಗಿ ಕೇಳಿ, ನೀರು ಪರೀಕ್ಷೆ ಮಾಡಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲಿಕ್ಕೆ ಮಾತ್ರ ಅಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಕೆಲವು ಲಕ್ಷಣ ಕಂಡರೆ ಸೂಜಿಯೂ ಬೇಡ, ನಾವೂ ಬೇಡ, ಮೊದಲು ಡಾಕ್ಟರ್ ನೋಡಬೇಕು. ಮಂಡಿ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜತೆಗೆ ಜ್ವರ ಬರುವುದು. ಬಿದ್ದ ಮೇಲೆ ಕಾಲೂರಲು ಆಗದಿರುವುದು. ಒಂದೇ ಮೀನಖಂಡ ಊದಿ ನೋಯುವುದು. ಮಲಗಿದರೂ ಬಿಡದ, ದಿನದಿಂದ ದಿನಕ್ಕೆ ಏರುವ ರಾತ್ರಿ ನೋವು.

ಆಪರೇಷನ್ ಬಗ್ಗೆಯೂ ಕೇಳಿದ್ದೀರಿ. ಈಗಲೇ ಬೇಕು ಅಂತ ನಿಮ್ಮ ಪ್ರಶ್ನೆಯಿಂದ ಅನ್ನಿಸುತ್ತಿಲ್ಲ. ಎಂದೂ ಬೇಡ ಅಂತಲೂ ಯಾರೂ ಮಾತು ಕೊಡಲಾಗದು. ವ್ಯಾಯಾಮ ಸರಿಯಾಗಿ ಮಾಡಿಯೂ ಮನೆಯೊಳಗೆ ಓಡಾಡುವುದೇ ಕಷ್ಟವಾದ ದಿನ ಮೂಳೆ ಡಾಕ್ಟರ್ ಹತ್ತಿರ ಮಾತಾಡಿ. ಅವತ್ತಿಗೂ ಈ ವ್ಯಾಯಾಮ ದಂಡವಾಗುವುದಿಲ್ಲ. ತೊಡೆ ಗಟ್ಟಿ ಇದ್ದವರು ಆಪರೇಷನ್ ಆದ ಮೇಲೆ ಬೇಗ ಓಡಾಡುತ್ತಾರೆ.

ಈ ಬೆಳೆ ಇಳಿಸಿ ಗೂಡು ಮಾರ್ಕೆಟ್ಟಿಗೆ ಹಾಕಿದ ಮಾರನೇ ದಿನದಿಂದ ಟವೆಲ್ಲು, ಕುರ್ಚಿ ಶುರು ಮಾಡಿಸಿ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ ಎಕ್ಸ್‌ರೇ ಫಿಲ್ಮ್, ಶುಗರ್ ರಿಪೋರ್ಟ್, ಮಾತ್ರೆ ಚೀಟಿ, ಆ ಕ್ಯಾಲೆಂಡರ್ ಹಾಳೆ ನಾಲ್ಕನ್ನೂ ತಗೊಂಡು ಹೋಗಿ. 'ಯಂತ್ರ ಬೇಡ, ಅಮ್ಮನ ಕೈಲಿ ವ್ಯಾಯಾಮ ಮಾಡಿಸಿ ತೋರಿಸಿ' ಅಂತ ಬಾಯಿಬಿಟ್ಟು ಕೇಳಿ.